ಕರಾರು ಮುಗಿಯುವ ಬಗೆ: ತುಂಗಭದ್ರೆಯ ಎರಡು ದಡಗಳಿಂದ

ಕನ್ನಡ ಕ್ರೈಸ್ತ ಸಭೆಗೆ 'ಒಡಂಬಡಿಕೆ' ಎಂಬ ಪದ ಬಲು ಹತ್ತಿರದ್ದು. ಸತ್ಯವೇದದ ಎರಡು ಭಾಗಗಳನ್ನೂ ನಾವು ಆ ಪದದಿಂದಲೇ ಕರೆಯುತ್ತೇವೆ. ಅದೇ ಪದವು ಜಮೀನಿನ ಗೇಣಿ, ಅಂಗಡಿಯ ಪಾಲುದಾರಿಕೆ, ಕಾರ್ಖಾನೆಯ ಸಂಬಳದ ಮಾತುಕತೆ ಮುಂತಾದ ಲೌಕಿಕ ವ್ಯವಹಾರಗಳಿಗೂ ಸಲ್ಲುತ್ತದೆ. ಒಡಂಬಡಿಕೆಯು ಹೇಗೆ ಹುಟ್ಟುತ್ತದೆ ಎಂಬ ಕುರಿತು ನಮ್ಮ ದೇವಶಾಸ್ತ್ರದಲ್ಲಿ ಬರಹಗಳಿಗೆ ಕೊರತೆಯಿಲ್ಲ. ಆದರೆ ಕಟ್ಟುಪಾಡೊಂದು ಹೇಗೆ ಮುಗಿಯುತ್ತದೆ, ಮುಗಿದ ದಿನ ಯಾರ ಕೈಯಲ್ಲಿ ಏನು ಉಳಿಯುತ್ತದೆ ಎಂಬುದನ್ನು ವಿಚಾರಿಸಿದವರು ವಿರಳ. ಈ ಲೇಖನದಲ್ಲಿ ನಾವು ಆ ಪ್ರಶ್ನೆಯನ್ನು ಹರಿಹರ ಮತ್ತು ದಾವಣಗೆರೆಯ ಇತ್ತೀಚಿನ ಚರಿತ್ರೆಯಲ್ಲಿಟ್ಟು ನೋಡಲು ಯತ್ನಿಸಿದ್ದೇವೆ. ಈ ಎರಡು ಊರುಗಳನ್ನು ಆರಿಸಿಕೊಂಡುದಕ್ಕೆ ಕಾರಣ ಸರಳವಾದುದು. ದೊಡ್ಡ ದೊಡ್ಡ ಕರಾರುಗಳು ಇಲ್ಲಿ ಒಂದೇ ತಲೆಮಾರಿನೊಳಗೆ, ಒಂದಕ್ಕೊಂದು ಹೋಲಿಕೆಯಿಲ್ಲದ ರೀತಿಗಳಲ್ಲಿ ಮುಗಿದುಹೋದವು.

ಮುಗಿಯಲೇಬಾರದೆಂದು ಬರೆಯಿಸಿದ ಕಟ್ಟುಪಾಡುಗಳಿಂದ ಆರಂಭಿಸೋಣ. ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಎರಡನೆಯ ನರಸಿಂಹನ ದಂಡನಾಯಕ ಪೋಲಾಳ್ವನು 1224ರ ಸುಮಾರಿಗೆ ಕಟ್ಟಿಸಿದನು. ಆ ಕಾಲದ ದಾನಶಾಸನಗಳನ್ನು ಓದಿದವರಿಗೆ ಎರಡು ಸಂಗತಿಗಳು ತಪ್ಪದೆ ಎದುರಾಗುತ್ತವೆ. ಮೊದಲನೆಯದು ದಾನದ ಅವಧಿ: ಸೂರ್ಯಚಂದ್ರರು ಇರುವ ತನಕ. ಎರಡನೆಯದು ಶಾಪ: ದಾನವನ್ನು ಕಸಿದವನು ಅರುವತ್ತು ಸಾವಿರ ವರ್ಷ ಹೊಲಸಿನ ಹುಳುವಾಗಿ ಹುಟ್ಟುವನು. ಕೊಟ್ಟವನು ಸತ್ತರೂ, ರಾಜವಂಶವೇ ಅಳಿದರೂ, ಹೊಸ ಒಡೆಯ ಬಂದರೂ ಕಟ್ಟುಪಾಡು ನಿಲ್ಲಬೇಕೆಂಬುದೇ ಇದರ ಆಶಯ. ಹಳೆಯ ಮೈಸೂರಿನ ಭಾಗದಲ್ಲಿ ಇಂಥ ದಾನಗಳನ್ನು ಕೊನೆಗೊಳಿಸಿದ್ದು 1955ರ ಧಾರ್ಮಿಕ ಮತ್ತು ಧರ್ಮಾದಾಯ ಇನಾಮುಗಳ ರದ್ದಿಯಾತಿ ಅಧಿನಿಯಮ. ಏಳು ಶತಮಾನಗಳ ಕಲ್ಲಿನ ಬರಹವು ಒಂದು ಗೆಜೆಟ್ ಪ್ರಕಟಣೆಯ ಮುಂದೆ ಬಲವಿಲ್ಲದಾಯಿತು. ಆದರೂ ಗಮನಿಸಬೇಕಾದ ಒಂದು ಮಾತಿದೆ. ಇನಾಮು ಕಳೆದುಕೊಂಡ ದೇವಾಲಯಗಳಿಗೆ ಸರ್ಕಾರವು ವರ್ಷಾಶನವಾಗಿ 'ತಸ್ತೀಕ್' ಹಣ ಕೊಡತೊಡಗಿತು. ಹಳೆಯ ಕಟ್ಟುಪಾಡಿನ ಅಂತ್ಯವೇ ಹೊಸದೊಂದು ಋಣಕ್ಕೆ ತಾಯಾಯಿತು. ಈ ವಿಷಯಕ್ಕೆ ಮರಳಿ ಬರುತ್ತೇವೆ.

ಕರಾರೆಂಬುದನ್ನು ನಮ್ಮ ದೇಶದಲ್ಲಿ ಇಂದಿಗೂ ಆಳುತ್ತಿರುವುದು 1872ರ ಭಾರತೀಯ ಕರಾರು ಅಧಿನಿಯಮ. ಆ ವರ್ಷದ ಸೆಪ್ಟೆಂಬರ್ 1ರಂದು ಬ್ರಿಟಿಷ್ ಇಂಡಿಯಾದಲ್ಲಿ ಅದು ಜಾರಿಗೆ ಬಂದಿತು. ಶಾಸನದ ಕವಿಗಳಿಗಿಂತ ಬೇರೆಯ ಲೋಕದೃಷ್ಟಿ ಅದರದು. ಮನುಷ್ಯರು ತಮ್ಮನ್ನು ತಾವೇ ಕಟ್ಟಿಕೊಳ್ಳುತ್ತಾರೆ. ಆದುದರಿಂದ ಬಿಚ್ಚಿಕೊಳ್ಳುವ ದಾರಿಯೂ ಇರಲೇಬೇಕು. ಹೇಳಿದ ಮಾತನ್ನು ನಡೆಸಿಕೊಟ್ಟರೆ ಕರಾರು ಮುಗಿಯುತ್ತದೆ. ನಡೆಸಲು ಸಿದ್ಧನಾಗಿ ಬಂದವನನ್ನು ಎದುರು ಪಕ್ಷದವನು ತಿರಸ್ಕರಿಸಿದರೆ, ಬಂದವನ ಮೇಲೆ ತಪ್ಪಿಲ್ಲ. ಇಬ್ಬರೂ ಒಪ್ಪಿ ಹಳೆಯದರ ಬದಲು ಹೊಸ ಕರಾರು ಮಾಡಿಕೊಳ್ಳಬಹುದು, ಇಲ್ಲವೆ ಹಳೆಯದನ್ನು ಹಾಗೆಯೇ ಕೈಬಿಡಬಹುದು. ಇದು 62ನೆಯ ಕಲಮಿನ ಮಾತು. ಒಬ್ಬನು ಪೂರ್ತಿಯಾಗಿ ಮಾತು ಮುರಿದರೆ ಮತ್ತೊಬ್ಬನು ಕರಾರನ್ನು ಕೊನೆಗಾಣಿಸಿ ನಷ್ಟ ಕೇಳಬಹುದು. ಮಾಡಲೊಪ್ಪಿದ ಕೆಲಸ ಮುಂದೆ ಅಸಾಧ್ಯವಾದರೆ ಅಥವಾ ಕಾನೂನುಬಾಹಿರವಾದರೆ 56ನೆಯ ಕಲಮಿನ ಪ್ರಕಾರ ಕರಾರು ತಾನಾಗಿಯೇ ಅನೂರ್ಜಿತವಾಗುತ್ತದೆ. ಕಷ್ಟವಾಯಿತು, ಲಾಭ ಕಡಿಮೆಯಾಯಿತು ಎಂಬ ಮಾತ್ರಕ್ಕೆ ಈ ಕಲಮು ಒದಗುವುದಿಲ್ಲ. ಯುದ್ಧಕಾಲದಲ್ಲಿ ಸರ್ಕಾರ ವಶಪಡಿಸಿಕೊಂಡಿದ್ದ ಕಲ್ಕತ್ತೆಯ ಸಮೀಪದ ನಿವೇಶನಗಳ ಬಗ್ಗೆ ಸರ್ವೋಚ್ಚ ನ್ಯಾಯಾಲಯ 1953ರಲ್ಲಿ ಕೊಟ್ಟ ತೀರ್ಪು ಇದಕ್ಕೆ ದೊಡ್ಡ ಆಧಾರ: ಕೆಲಸ ತಡವಾಗುತ್ತದೆ ಎಂಬ ಕಾರಣಕ್ಕೆ ಅಲ್ಲಿ ಕರಾರು ಮುರಿದುಬೀಳಲಿಲ್ಲ.

ದೇವಶಾಸ್ತ್ರದ ವಿದ್ಯಾರ್ಥಿಗಳು ನಿಂತು ಓದಬೇಕಾದುದು 63ನೆಯ ಕಲಮು. ಮಾತು ಪಡೆದವನು ಆ ಮಾತಿನ ನೆರವೇರಿಕೆಯನ್ನು ಪೂರ್ಣವಾಗಿಯಾಗಲಿ ಭಾಗಶಃವಾಗಿಯಾಗಲಿ ಬಿಟ್ಟುಬಿಡಬಹುದು, ಕಾಲಾವಕಾಶ ಕೊಡಬಹುದು, ಬೇರೆ ಯಾವುದನ್ನಾದರೂ ತೃಪ್ತಿಯೆಂದು ಸ್ವೀಕರಿಸಬಹುದು. ಚಿತ್ರ ಬರೆದುಕೊಡಲು ಒಪ್ಪಿದವನಿಗೆ 'ಬೇಡ' ಎಂದರೆ ಅವನು ಬಿಡುಗಡೆಯಾದ. ಐದು ಸಾವಿರ ರೂಪಾಯಿ ಕೊಡಬೇಕಾದವನಿಂದ ಎರಡು ಸಾವಿರವನ್ನೇ ಪೂರ್ತಿ ಹಣವೆಂದು ಒಪ್ಪಿ ತೆಗೆದುಕೊಂಡರೆ ಸಾಲ ತೀರಿತು. ಇದರಲ್ಲೇನು ವಿಶೇಷ ಎನ್ನಿಸೀತು. ಇಂಗ್ಲೆಂಡಿನ ಕಾನೂನಿನಲ್ಲಿ ಇದು ಇಷ್ಟು ಸುಲಭವಲ್ಲ. 1602ರ ಪಿನ್ನೆಲ್ ಪ್ರಕರಣದಿಂದ ಬಂದ ಮತ್ತು 1884ರಲ್ಲಿ ಅಲ್ಲಿಯ ಹೌಸ್ ಆಫ್ ಲಾರ್ಡ್ಸ್ ದೃಢಪಡಿಸಿದ ನಿಯಮದಂತೆ, ಸಾಲದ ಒಂದು ಭಾಗ ಮಾತ್ರ ಪಡೆದು ಉಳಿದುದನ್ನು ಬಿಡುತ್ತೇನೆಂದ ಸಾಲಗಾರನ ಧಣಿಯು ಮರುದಿನ ಮನಸ್ಸು ಬದಲಿಸಿ ಉಳಿದುದಕ್ಕೂ ದಾವೆ ಹೂಡಬಹುದು. ಬಿಟ್ಟುದಕ್ಕೆ ಅವನಿಗೆ ಏನೂ ಪ್ರತಿಫಲ ದೊರೆತಿಲ್ಲವಲ್ಲ! ಭಾರತದ ಕಾನೂನು ಈ ಪ್ರತಿಫಲದ ಷರತ್ತನ್ನು ಮಾಫಿಯ ವಿಷಯದಲ್ಲಿ ತೆಗೆದುಹಾಕಿತು. ಹೈದರಾಬಾದಿನ ರಾಜಮನೆತನಕ್ಕೆ ಒಡವೆ ಮಾರಿದ ವ್ಯಾಪಾರಿಯೊಬ್ಬನು ಕಡಿಮೆ ಹಣವನ್ನು ಪೂರ್ಣ ಪಾವತಿಯೆಂದು ಒಪ್ಪಿ ಪಡೆದು, ಬಳಿಕ ಬಾಕಿಗಾಗಿ ದಾವೆ ಹೂಡಿದಾಗ, ಸರ್ವೋಚ್ಚ ನ್ಯಾಯಾಲಯ 1962ರಲ್ಲಿ ಈ ಕಲಮನ್ನೇ ಆಧರಿಸಿ ಅವನ ಬೇಡಿಕೆಯನ್ನು ತಳ್ಳಿತು. ಏನನ್ನೂ ಪಡೆಯದೆ ಬಿಟ್ಟುದೂ ನಿಜವಾದ ಬಿಡುಗಡೆಯೇ ಎಂದು ಒಪ್ಪುವ ಕಾನೂನು ನಮ್ಮದು. ಕೃಪೆಯ ಕುರಿತು ಬೋಧಿಸುವ ನಾವು ಇದನ್ನು ಇಷ್ಟು ಕಡಿಮೆ ಗಮನಿಸಿರುವುದು ವಿಚಿತ್ರ. ಶಿಲುಬೆಯ ಮೇಲಿನ ಕೊನೆಯ ಮಾತನ್ನು ಪ್ರಾಚೀನ ಸಾಲದ ರಸೀದಿಗಳ ಮೇಲೆ ಬರೆಯುತ್ತಿದ್ದರೆಂಬ, ಆಧಾರ ದುರ್ಬಲವಾದ ಕಥೆಯನ್ನು ಪ್ರಸಂಗಪೀಠದಿಂದ ಹೇಳುವುದಕ್ಕಿಂತ, ಕೊಲೊಸ್ಸೆಯವರಿಗೆ ಬರೆದ ಪತ್ರದ ಎರಡನೆಯ ಅಧ್ಯಾಯದಲ್ಲಿ ಬರುವ ಕೈಬರಹದ ಸಾಲಪತ್ರದ ರೂಪಕವನ್ನು ಈ ಕಲಮಿನೊಂದಿಗೆ ಓದಿದರೆ ಹೆಚ್ಚು ಫಲ ದೊರೆತೀತು.

ಆದರೆ ಮಾಫಿಯು ಕೊಡಬೇಕಾದುದನ್ನು ಪಡೆಯುವವನ ಕೈಯಲ್ಲಿದೆ. ಆತನು ಬಿಡಲು ಮನಸ್ಸು ಮಾಡದಿದ್ದರೆ? ಇನ್ನೂ ಕಠಿನವಾದ ಪ್ರಶ್ನೆ: ಕರಾರಿಗೆ ಸಹಿಯನ್ನೇ ಹಾಕದವರ ಬದುಕನ್ನು ಆ ಕರಾರು ಕಟ್ಟಿಹಾಕಿದ್ದರೆ? ಇಲ್ಲಿ ನಾವು ಹರಿಹರದ ಸೇತುವೆ ದಾಟಿ ಆಚೆ ದಡಕ್ಕೆ ಹೋಗಬೇಕು.

ಹರಿಹರದ ಎದುರಿಗೆ, ರಾಣೆಬೆನ್ನೂರು ತಾಲ್ಲೂಕಿನ ಕುಮಾರಪಟ್ಟಣದಲ್ಲಿ, ಬಿರ್ಲಾ ಸಮೂಹದ ಹರಿಹರ ಪಾಲಿಫೈಬರ್ಸ್ ಕಾರ್ಖಾನೆಯು 1972ರಿಂದ ನಡೆಯುತ್ತಿದೆ. ಮರದ ತಿರುಳಿನಿಂದ ರೇಯಾನ್ ನೂಲಿಗೆ ಬೇಕಾದ ಪಲ್ಪ್ ತಯಾರಿಸುವುದು ಅದರ ಕೆಲಸ. ಕಾರ್ಖಾನೆಯ ಹಸಿವು ದೊಡ್ಡದು. 1984ರ ನವೆಂಬರ್ 14ರಂದು ಕರ್ನಾಟಕ ಸರ್ಕಾರ ಮತ್ತು ಈ ಕಂಪನಿಯ ನಡುವಿನ ಒಪ್ಪಂದದಿಂದ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಎಂಬ ಜಂಟಿ ಸಂಸ್ಥೆ ಹುಟ್ಟಿತು. ಸರ್ಕಾರದ ಪಾಲು ಶೇಕಡ 51, ಕಂಪನಿಯದು 49. ನಾಲ್ಕು ಜಿಲ್ಲೆಗಳಲ್ಲಿ ಹರಡಿದ್ದ ಸುಮಾರು 30,000 ಹೆಕ್ಟೇರ್ ಸಾಮುದಾಯಿಕ ಭೂಮಿಯನ್ನು ನೀಲಗಿರಿ ಮುಂತಾದ ಬೇಗ ಬೆಳೆಯುವ ಮರಗಳಿಗಾಗಿ 40 ವರ್ಷಗಳ ಗುತ್ತಿಗೆಗೆ ಕೊಡುವುದೆಂದಾಯಿತು. ಗುತ್ತಿಗೆಯ ದರ ಎಕರೆಗೆ ವರ್ಷಕ್ಕೆ ಒಂದು ರೂಪಾಯಿ. ಬೆಳೆದ ಮರದಲ್ಲಿ ಶೇಕಡ 87.5 ನೇರವಾಗಿ ಕಾರ್ಖಾನೆಗೆ. ಉಳಿದುದನ್ನು ಕೊಳ್ಳುವ ಹಕ್ಕೂ ಅದಕ್ಕೇ.

ಈ ಭೂಮಿ ಪಹಣಿಯಲ್ಲಿ ಸರ್ಕಾರದ್ದು. ಆದರೆ ದನ ಮೇಯುತ್ತಿದ್ದುದು, ಸೌದೆ ಆಯುತ್ತಿದ್ದುದು, ಸೊಪ್ಪು ತರುತ್ತಿದ್ದುದು ಸುತ್ತಲ ಹಳ್ಳಿಯವರು. ಕರಾರಿನ ಕಾನೂನು ಅವರನ್ನು ನೋಡುವುದಿಲ್ಲ. ಕರಾರಿನಲ್ಲಿ ಪಕ್ಷವಲ್ಲದವನು ಅದನ್ನು ಹಿಡಿದು ದಾವೆ ಮಾಡಲಾರನು. ಅದರ ಅಂತ್ಯವನ್ನು ಕೇಳುವ ಹಕ್ಕೂ ಅವನಿಗಿಲ್ಲ. ಗುತ್ತಿಗೆ ಕೊಟ್ಟವನು ಕೊಟ್ಟಿದ್ದಾನೆ, ಪಡೆದವನು ಪಡೆದಿದ್ದಾನೆ, ಬಾಡಿಗೆ ಸಲ್ಲುತ್ತಿದೆ. ಮುರಿದ ಮಾತಿಲ್ಲ, ಅಸಾಧ್ಯವಾದ ಕೆಲಸವಿಲ್ಲ, ಬಿಟ್ಟುಕೊಡುವ ಮನಸ್ಸುಳ್ಳ ಧಣಿಯಿಲ್ಲ. ಅಧಿನಿಯಮದ ಕಲಮುಗಳನ್ನು ಎಷ್ಟು ಸಲ ತಿರುವಿದರೂ ಹಳ್ಳಿಯ ಹೆಂಗಸಿನ ಸೌದೆಯ ಹೊರೆಗೆ ಅಲ್ಲಿ ಜಾಗ ಸಿಕ್ಕದು.

ಆದುದರಿಂದ ಅವರು ಬೇರೆ ಬಾಗಿಲು ತಟ್ಟಿದರು. ಧಾರವಾಡದ ಸಮಾಜ ಪರಿವರ್ತನ ಸಮುದಾಯ, ಸಾಹಿತಿ ಶಿವರಾಮ ಕಾರಂತರು ಮತ್ತಿತರರು ಸಂವಿಧಾನದ ನೆಲೆಯಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ಸಾರ್ವಜನಿಕ ಹಿತಾಸಕ್ತಿಯ ಅರ್ಜಿ ಸಲ್ಲಿಸಿದರು. 1987ರ ಮಾರ್ಚ್ ತಿಂಗಳಲ್ಲಿ, ಇನ್ನಷ್ಟು ಭೂಮಿಯನ್ನು ವರ್ಗಾಯಿಸದಂತೆ ನ್ಯಾಯಾಲಯ ತಡೆ ನೀಡಿತು. ಅದೇ ವರ್ಷ ನವೆಂಬರ್ 14ರಂದು, ಅಂದರೆ ಒಪ್ಪಂದಕ್ಕೆ ಸರಿಯಾಗಿ ಮೂರು ವರ್ಷ ತುಂಬಿದ ದಿನ, ಹಾನಗಲ್ ತಾಲ್ಲೂಕಿನ ಕುಸನೂರಿನಲ್ಲಿ 'ಕಿತ್ತಿಕೋ–ಹಚ್ಚಿಕೋ' ಸತ್ಯಾಗ್ರಹ ನಡೆಯಿತು. ಸುಮಾರು ಎರಡು ಸಾವಿರ ಜನ ಅಹಿಂಸೆಯ ಪ್ರತಿಜ್ಞೆ ಮಾಡಿ ನೆಡುತೋಪಿಗೆ ಹೋಗಿ, ಸಾಂಕೇತಿಕವಾಗಿ ನೂರು ನೀಲಗಿರಿ ಸಸಿಗಳನ್ನು ಕಿತ್ತರು. ಅಷ್ಟಕ್ಕೇ ಹಿಂದಿರುಗಲಿಲ್ಲ. ಕಿತ್ತ ಜಾಗದಲ್ಲಿ ಹಣ್ಣು, ಮೇವು ಕೊಡುವ ಗಿಡಗಳನ್ನು ಹಚ್ಚಿ ನೀರೆರೆದು, ನೋಡಿಕೊಳ್ಳುವೆವೆಂದು ಮಾತು ಕೊಟ್ಟು ಚದುರಿದರು. ಒಂದು ಕರಾರನ್ನು ಕಿತ್ತವರು ಅದೇ ಗುಂಡಿಯಲ್ಲಿ ಮತ್ತೊಂದನ್ನು ನೆಟ್ಟರೆನ್ನಬಹುದು. ಈ ಸಲ ಸಹಿ ಅವರದೇ.

1991ರಲ್ಲಿ ಸರ್ಕಾರವು ಆ ಜಂಟಿ ಸಂಸ್ಥೆಯನ್ನು ಮುಚ್ಚಿತು. ಗುತ್ತಿಗೆಯ ಅವಧಿ ಪೂರ್ತಿ ನಡೆದಿದ್ದರೆ ಅದು 2024ರ ತನಕ ಸಾಗಬೇಕಿತ್ತು; ಏಳು ವರ್ಷಕ್ಕೇ ಮುಗಿಯಿತು. ಕಡತದಲ್ಲಿ ಇದು ಸರ್ಕಾರದ ತೀರ್ಮಾನ. ಚರಿತ್ರೆಕಾರರಾದವರು ಅಷ್ಟಕ್ಕೆ ತೃಪ್ತರಾಗಬಾರದೆಂಬುದು ನಮ್ಮ ಅಭಿಪ್ರಾಯ. ಕರಾರಿನ ಹೊರಗೆ ನಿಂತವರ ಕೂಗೇ ಅದನ್ನು ಮುಗಿಸಿದ್ದು. ನದಿಗೆ ಬಿಟ್ಟ ಕೊಳಕು ನೀರಿನ ವಿರುದ್ಧ ಆ ವರ್ಷಗಳಲ್ಲೇ ನಡೆದ ಹೋರಾಟ ಬೇರೊಂದು ಲೇಖನಕ್ಕೆ ತಕ್ಕ ವಿಷಯ.

ನೆಹೆಮೀಯನ ಪುಸ್ತಕದ ಐದನೆಯ ಅಧ್ಯಾಯವನ್ನು ಈ ಹಿನ್ನೆಲೆಯಲ್ಲಿ ಓದಿದಾಗ ನಮಗೆ ಹಿಂದೆ ಕಾಣದ ವಿವರಗಳು ಕಂಡವು. ಬರಗಾಲದಲ್ಲಿ ಧಾನ್ಯಕ್ಕಾಗಿ ಹೊಲ, ದ್ರಾಕ್ಷೇತೋಟ, ಮನೆಗಳನ್ನು ಒತ್ತೆಯಿಟ್ಟವರು, ಅರಸನ ಕಂದಾಯಕ್ಕಾಗಿ ಸಾಲ ಮಾಡಿದವರು, ಮಕ್ಕಳನ್ನು ದಾಸತ್ವಕ್ಕೆ ಒಪ್ಪಿಸಿದವರು ಅಲ್ಲಿ ಮೊರೆಯಿಡುತ್ತಾರೆ. ಆ ಮೊರೆ ಜನರದು ಮತ್ತು ಅವರ ಹೆಂಡಂದಿರದು ಎಂದು ಮೊದಲ ವಚನವೇ ತಿಳಿಸುತ್ತದೆ. ಸಾಲಪತ್ರದಲ್ಲಿ ಹೆಸರಿಲ್ಲದ ಹೆಂಗಸರು ಮೊರೆಯಲ್ಲಿ ಇದ್ದಾರೆ. ಸಾಲಗಳು ಅಲ್ಲಿ ಮುಗಿದದ್ದು ಪಾವತಿಯಿಂದಲ್ಲ. ಏಳನೆಯ ವರ್ಷದ ಬಿಡುಗಡೆಯ ಲೆಕ್ಕವನ್ನೂ ಅಲ್ಲಿ ಯಾರೂ ಎತ್ತುವುದಿಲ್ಲ. ಮೊರೆ ಕೇಳಿದ ಅಧಿಪತಿಯು ಕೋಪಗೊಂಡು, ತಾನೂ ತನ್ನ ಬಂಧುಗಳೂ ಸಾಲ ಕೊಟ್ಟವರಲ್ಲಿ ಸೇರಿದ್ದೇವೆಂದು ಸಭೆಯಲ್ಲಿ ಹೇಳಿ, ಹೊಲಮನೆಗಳನ್ನೂ ನೂರರಲ್ಲೊಂದು ಪಾಲನ್ನೂ ಹಿಂದಕ್ಕೆ ಕೊಡಿಸುತ್ತಾನೆ. ಕುಸನೂರಿಗೂ ಯೆರೂಸಲೇಮಿಗೂ ವ್ಯತ್ಯಾಸವಿದೆ, ನಿಜ: ಅಲ್ಲಿಯ ಗಂಡಸರಾದರೂ ಸಾಲದ ಕಕ್ಷಿಗಾರರು. ಆದರೆ ಹೊಲ 'ಹಿಂದಕ್ಕೆ' ಬರಬೇಕೆಂಬ ಒತ್ತಾಯ ಎರಡೂ ಕಡೆ ಒಂದೇ. ನಮ್ಮ ಕರಾರು ಅಧಿನಿಯಮದ 65ನೆಯ ಕಲಮಿಗೂ ಇದು ಅಪರಿಚಿತವಲ್ಲ. ಅನೂರ್ಜಿತವಾದ ಕರಾರಿನಿಂದ ಲಾಭ ಪಡೆದವನು ಅದನ್ನು ಮರಳಿಸಬೇಕು ಅಥವಾ ಪರಿಹಾರ ಕೊಡಬೇಕು. ಕರಾರು ಸತ್ತರೂ ಋಣ ಸಾಯುವುದಿಲ್ಲ ಎಂಬ ತಿಳಿವು ಕಾನೂನಿನೊಳಗೇ ಇದೆ.

ಈಗ ಈಚೆ ದಡ. ಹರಿಹರದಲ್ಲಿ 1941ರಲ್ಲಿ ಆರಂಭವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಲೇತ್ ಯಂತ್ರಗಳು ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿದ್ದವು. ಕಾರ್ಖಾನೆಯ ವಸತಿ ಪ್ರದೇಶಕ್ಕೆ ಯಂತ್ರಪುರ ಎಂದೇ ಹೆಸರು. ಹದಿನೈದು ಕಿಲೋಮೀಟರಿನ ಆಸುಪಾಸಿನಲ್ಲಿರುವ ದಾವಣಗೆರೆಯು ಹತ್ತಿ ಗಿರಣಿಗಳಿಂದ 'ಕರ್ನಾಟಕದ ಮ್ಯಾಂಚೆಸ್ಟರ್' ಎನಿಸಿಕೊಂಡಿತ್ತು. ಗಿರಣಿಯ ಕೂಗೇ ಆ ಊರಿನ ಗಡಿಯಾರ. ಇಪ್ಪತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಹೊಸ ಶತಮಾನದ ಆರಂಭದಲ್ಲಿ ಕಿರ್ಲೋಸ್ಕರ್ ಕಾರ್ಖಾನೆಯೂ ನಿಂತು, ಕಂಪನಿ ಸಮಾಪನೆಗೆ ಹೋಗಿ, ಅಫಿಷಿಯಲ್ ಲಿಕ್ವಿಡೇಟರರ ವಶವಾಯಿತು.

ಇಲ್ಲಿ ಕರಾರು ಮುಗಿದ ರೀತಿ ಆಚೆ ದಡದ್ದಕ್ಕೆ ತದ್ವಿರುದ್ಧ. ಅಲ್ಲಿ ಹೊರಗಿನವರು ಕೂಗಿ ಮುಗಿಸಿದರು; ಇಲ್ಲಿ ಒಳಗಿದ್ದ ಪಕ್ಷದವನಿಗೇ ಅದು ಹೇಳದೆ ಮುಗಿಯಿತು. 1956ರ ಕಂಪನಿಗಳ ಅಧಿನಿಯಮದ 445ನೆಯ ಕಲಮಿನ ಮೂರನೆಯ ಉಪಕಲಮಿನಂತೆ, ವ್ಯವಹಾರ ಮುಂದುವರಿಯದಿದ್ದಲ್ಲಿ, ಸಮಾಪನೆಯ ಆದೇಶವೇ ಕಂಪನಿಯ ನೌಕರರೆಲ್ಲರಿಗೂ ಕೆಲಸದಿಂದ ಬಿಡುಗಡೆಯ ನೋಟೀಸೆಂದು ಭಾವಿಸತಕ್ಕದ್ದಾಗಿತ್ತು. ಹೆಸರಿಗೆ ಬರೆದ ಪತ್ರ ಬೇಡ, ಕಾರಣ ಹೇಳಬೇಕಾಗಿಲ್ಲ. ಮೂವತ್ತು ವರ್ಷ ಲೇತಿನ ಮುಂದೆ ನಿಂತವನ ಕರಾರು ಬೆಂಗಳೂರಿನ ಉಚ್ಚ ನ್ಯಾಯಾಲಯದಲ್ಲಿ ಆದೇಶ ಹೊರಟ ಗಳಿಗೆಯಲ್ಲಿ ಮುಗಿಯುತ್ತದೆ. ಅವನು ಆ ಹೊತ್ತಿಗೆ ಹರಿಹರದ ಸಂತೆಯಲ್ಲಿರಬಹುದು. 'ಬಿಡುಗಡೆ' ಎಂಬ ನಮ್ಮ ಅಚ್ಚುಮೆಚ್ಚಿನ ಪದಕ್ಕೆ ಹೀಗೂ ಒಂದು ಅರ್ಥವಿದೆ ಎಂಬುದನ್ನು ಸಭಾಪಾಲಕರು ನೆನಪಿಡಬೇಕು. ಕಂಪನಿಯನ್ನು ಮುಚ್ಚುವ ವಿಚಾರಣೆಯಲ್ಲಿ ಕಾರ್ಮಿಕರ ಮಾತನ್ನೂ ಕೇಳಬೇಕೆಂದು ಸರ್ವೋಚ್ಚ ನ್ಯಾಯಾಲಯದ ಬಹುಮತ ಒಪ್ಪಿದ್ದೇ 1982ರಲ್ಲಿ. ಅದು ಕೊಯಮತ್ತೂರಿನ ಒಂದು ಪ್ರಕರಣ.

ಬಳಿಕ ಉಳಿಯುವುದು ಸರದಿಯ ಪ್ರಶ್ನೆ. ಕಂಪನಿಯ ಆಸ್ತಿ ಮಾರಿದ ಹಣ ಮೊದಲು ಯಾರಿಗೆ? 1985ರ ತನಕ ಅಡಮಾನ ಹಿಡಿದ ಬ್ಯಾಂಕುಗಳು ಮುಂದೆ, ಕಾರ್ಮಿಕ ಹಿಂದೆ. ಆ ವರ್ಷ ಸೇರಿಸಿದ 529ಎ ಕಲಮು ಕಾರ್ಮಿಕರ ಬಾಕಿಯನ್ನು ಬ್ಯಾಂಕುಗಳ ಸಾಲದ ಸಮಸಮಕ್ಕೆ ತಂದು ನಿಲ್ಲಿಸಿತು. ಸಂಬಳದ ಬಾಕಿ, ಪರಿಹಾರ, ಭವಿಷ್ಯನಿಧಿ, ಗ್ರಾಚ್ಯುಟಿ ಎಲ್ಲವೂ ಅದರೊಳಗೆ ಬರುತ್ತವೆ. 2016ರ ದಿವಾಳಿ ಸಂಹಿತೆಯು ಆ ಸಮಾನತೆಯನ್ನು ಹಿಂದಿನ 24 ತಿಂಗಳ ಬಾಕಿಗೆ ಸೀಮಿತಗೊಳಿಸಿದೆ. ಇದು ಹಿನ್ನಡೆಯೆಂದೇ ನಾವು ತಿಳಿಯುತ್ತೇವೆ.

ಈ ಪಟ್ಟಿಯಲ್ಲಿ ಗ್ರಾಚ್ಯುಟಿ ವಿಶೇಷವಾದುದು. 1972ರ ಅಧಿನಿಯಮದಂತೆ ಐದು ವರ್ಷ ಎಡೆಬಿಡದೆ ದುಡಿದವನಿಗೆ ವರ್ಷಕ್ಕೆ 15 ದಿನಗಳ ವೇತನದ ಲೆಕ್ಕದಲ್ಲಿ ಅದು ಸಲ್ಲಬೇಕಿತ್ತು. ಕೆಲಸ ನಡೆಯುತ್ತಿರುವಾಗ ಅದನ್ನು ಕೇಳುವಂತಿಲ್ಲ. ಕರಾರು ಮುಗಿದ ದಿನವೇ ಅದು ಹುಟ್ಟುತ್ತದೆ. ಧರ್ಮೋಪದೇಶಕಾಂಡದ ಹದಿನೈದನೆಯ ಅಧ್ಯಾಯ ಹೇಳುವುದೂ ಇಂಥದ್ದನ್ನೇ. ಆರು ವರ್ಷ ದುಡಿದ ಇಬ್ರಿಯ ದಾಸನನ್ನು ಏಳನೆಯ ವರ್ಷ ಬಿಡಬೇಕು. ಬಿಡುವಾಗ ಬರಿಗೈಯಲ್ಲಿ ಕಳುಹಿಸದೆ ಹಿಂಡಿನಿಂದ, ಕಣದಿಂದ, ದ್ರಾಕ್ಷೆಯ ಆಲೆಯಿಂದ ಧಾರಾಳವಾಗಿ ಕೊಡಬೇಕು. ವ್ಯಾಖ್ಯಾನಕಾರರು ಸಾಮಾನ್ಯವಾಗಿ ಇದನ್ನು ಔದಾರ್ಯದ ಉಪದೇಶವೆಂದು ಓದುತ್ತಾರೆ. ನಮಗೆ ಹಾಗೆ ತೋರುವುದಿಲ್ಲ. ಹಿಂಡು, ಕಣ, ಆಲೆ ಮೂರೂ ಅವನು ದುಡಿದ ಸ್ಥಳಗಳು. ಕೊಡಬೇಕಾದುದು ಅವನ ಬೆವರಿನ ಫಲದಿಂದಲೇ. ಅಗಲಿಕೆಯೇ ಆ ಹಕ್ಕನ್ನು ಕೊಡುತ್ತದೆ. ಅದೇ ಅಧ್ಯಾಯದ ಆರಂಭದಲ್ಲಿ, ಬಿಡುಗಡೆಯ ವರ್ಷ ಹತ್ತಿರವಾಯಿತೆಂದು ಸಾಲ ಕೊಡಲು ಹಿಂಜರಿಯುವವನಿಗೆ ಎಚ್ಚರಿಕೆಯಿದೆ. ಆ ಹಿಂಜರಿಕೆ ನಿಜವಾಗಿಯೂ ಇತ್ತೆಂಬುದಕ್ಕೆ, ಸಾಲವನ್ನು ನ್ಯಾಯಸ್ಥಾನಕ್ಕೆ ಒಪ್ಪಿಸಿ ಬಿಡುಗಡೆಯಿಂದ ಪಾರುಮಾಡಲು ಹಿಲ್ಲೇಲನು ಜಾರಿಗೆ ತಂದನೆನ್ನಲಾದ 'ಪ್ರೊಸ್ಬೂಲ್' ಸಾಕ್ಷಿ. ಬಡವನಿಗೆ ಸಾಲ ಸಿಗಲೆಂದೇ ಮಾಡಿದ ಆ ಉಪಾಯವು ಬಡವನ ಬಿಡುಗಡೆಯನ್ನು ನುಂಗಿತು.

ಗಿರಣಿಗಳ ಚರಿತ್ರೆಯಲ್ಲಿ ಇದಕ್ಕೆ ಹತ್ತಿರದ ಒಂದು ಸಂಗತಿ 'ಬದಲಿ' ಕಾರ್ಮಿಕರದು. ಖಾಯಂ ನೌಕರ ಬಾರದ ದಿನ ಅವನ ಜಾಗದಲ್ಲಿ ಮಗ್ಗದ ಮುಂದೆ ನಿಲ್ಲುವವನೇ ಬದಲಿ. ಪ್ರತಿದಿನ ಬೆಳಿಗ್ಗೆ ಗೇಟಿನ ಮುಂದೆ ಕಾಯುವುದು ಅವನ ಪಾಡು. 1947ರ ಕೈಗಾರಿಕಾ ವಿವಾದಗಳ ಅಧಿನಿಯಮವು ಲೇ-ಆಫ್ ಪರಿಹಾರದ ಕಲಮಿನಲ್ಲಿ ಅವನನ್ನು ಹೆಸರಿಸಿ ಹೊರಗಿಡುತ್ತಿತ್ತು. ಒಂದು ವರ್ಷದ ಸತತ ಸೇವೆ ಪೂರೈಸಿದ ಮೇಲೆ ಮಾತ್ರ ಒಳಗೆ ಬಿಟ್ಟುಕೊಳ್ಳುತ್ತಿತ್ತು. ಗಿರಣಿ ಮುಚ್ಚಿದಾಗ ಖಾಯಂ ನೌಕರನಿಗೆ ವರ್ಷಕ್ಕೆ 15 ದಿನಗಳ ಸರಾಸರಿ ವೇತನದ ಪರಿಹಾರವಾದರೂ ಕಾನೂನಿನಲ್ಲಿತ್ತು. ಸೇವೆಯ ಲೆಕ್ಕ ತುಂಬದ ಬದಲಿಯವನ ಕರಾರು ಪ್ರತಿದಿನ ಸಂಜೆ ಮುಗಿಯುತ್ತಿತ್ತು. ಕೊನೆಯ ಸಂಜೆಗೆ ಬೇರೆ ಗುರುತಿರಲಿಲ್ಲ. ಅವನು ಕುಸನೂರಿನ ಹಳ್ಳಿಗನಂತೆ ಹೊರಗಿನವನಲ್ಲ, ಲೇತಿನ ಕಾರ್ಮಿಕನಂತೆ ಒಳಗಿನವನೂ ಅಲ್ಲ. ಆದುದರಿಂದಲೇ ಅವನ ಚರಿತ್ರೆ ಬರೆಯುವುದು ಕಷ್ಟ. ಲಿಕ್ವಿಡೇಟರರ ಕಡತದಲ್ಲಿ ಅವನ ಹೆಸರು ಸುಲಭವಾಗಿ ಸಿಗದು.

ಸಿಗಬಹುದಾದ ಒಂದು ಸ್ಥಳವಿದೆ. ಕರಾರು ಅಧಿನಿಯಮ ಹುಟ್ಟಿದ 1872ರಲ್ಲಿಯೇ ಭಾರತೀಯ ಕ್ರೈಸ್ತ ವಿವಾಹ ಅಧಿನಿಯಮವೂ ಹುಟ್ಟಿತು. ಅದರ ನಮೂನೆಯಂತೆ ಸಭೆಗಳು ಇಡುವ ವಿವಾಹದ ರಿಜಿಸ್ಟರಿನಲ್ಲಿ ವಧೂವರರ ವೃತ್ತಿಗೆ ಒಂದು ಅಂಕಣವಿದೆ. ಯಾವ ವರ್ಷದ ತನಕ ಅಲ್ಲಿ ಗಿರಣಿಯ ಕೆಲಸವೋ ಕಾರ್ಖಾನೆಯ ಕೆಲಸವೋ ನಮೂದಾಗಿದೆ, ಅನಂತರದ ಪುಟಗಳಲ್ಲಿ ಅದೇ ಮನೆತನದವರ ಮುಂದೆ ಯಾವ ವೃತ್ತಿ ಬರೆಯಲಾಗಿದೆ ಎಂಬುದನ್ನು ದಾವಣಗೆರೆ ಮತ್ತು ಹರಿಹರದ ಸಭೆಗಳಲ್ಲಿ ವರ್ಷ ವರ್ಷಕ್ಕೆ ಓದಿ ನೋಡುವ ಕೆಲಸವನ್ನು ನಮ್ಮ ಸಂಶೋಧನ ವಿದ್ಯಾರ್ಥಿಗಳಲ್ಲಿ ಯಾರಾದರೂ ಕೈಗೊಳ್ಳಬೇಕು. ಹೆಸರುಗಳನ್ನು ಪ್ರಕಟಿಸುವ ಅಗತ್ಯವಿಲ್ಲ. ವೃತ್ತಿಯ ಅಂಕಣವೊಂದೇ ಸಾಕು. ಬದಲಿಯವನು ಮದುವೆಯ ದಿನ ತನ್ನನ್ನು ಏನೆಂದು ಹೇಳಿಕೊಂಡನೆಂಬುದು ಅಲ್ಲಿ ಅವನ ಸಹಿಯ ಪಕ್ಕದಲ್ಲೇ ಇದ್ದೀತು.